ಎಕ್ಸ್ ದೊಡ್ಡದೋ, ಅದರ ವರ್ಗವೋ?

ವಿದೇಶದಲ್ಲಿ ಸ್ನಾತಕೋತ್ತರ ಓದಿಗೆ ಬರೆಯುವ ಜಿಆರ್‌ಇ ಪರೀಕ್ಷೆಯ ಗಣಿತ ಭಾಗ, ಅಂದರೆ ಕ್ವಾಂಟ್‌ನಲ್ಲಿ ನನಗೆ ಜಾಸ್ತಿ ಇಷ್ಟ ಆಗಿರುವುದು ಹೋಲಿಕೆಯ ಲೆಕ್ಕಗಳು. ಒಂದು ಕಡೆ ಎಕ್ಸ್, ಇನ್ನೊಂದು ಕಡೆ ಅದರ ವರ್ಗ, ಯಾವುದು ದೊಡ್ಡದು? ವರ್ಗವೇ ಅಂತ ಅನಿಸುತ್ತದೆ ಅಲ್ವಾ. ಆದರೆ ಎಕ್ಸ್ ಜಾಗದಲ್ಲಿ ಅರ್ಧ ಹಾಕಿ ನೋಡಿ, ವರ್ಗ ಕಾಲು ಆಗುತ್ತದೆ, ಸೊನ್ನೆ ಅಥವಾ ಒಂದು ಹಾಕಿದರೆ ಎರಡೂ ಸಮ, ಮೈನಸ್ ಹಾಕಿದರೆ ಮತ್ತೆ ವರ್ಗವೇ ದೊಡ್ಡದು. ಹಾಗಾಗಿ ಉತ್ತರ: ಇಷ್ಟರಿಂದ ಹೇಳಲು ಆಗುವುದಿಲ್ಲ.

ಶಾಲೆಯ ಲೆಕ್ಕಕ್ಕೆಲ್ಲ ಒಂದು ಉತ್ತರ ಇದ್ದೇ ಇರುತ್ತಿತ್ತು. ಇಲ್ಲಿ ಮಾಹಿತಿ ಸಾಲದು ಅನ್ನುವುದಕ್ಕೂ ಅಂಕ ಸಿಗುತ್ತದೆ, ಅದು ನನಗೆ ನಿಜಕ್ಕೂ ಖುಷಿ.

2023ರ ಸೆಪ್ಟೆಂಬರ್‌ನಿಂದ ಪರೀಕ್ಷೆ ಚಿಕ್ಕದಾಗಿದೆ, ಕ್ವಾಂಟ್‌ನಲ್ಲಿ 47 ನಿಮಿಷಕ್ಕೆ 27 ಪ್ರಶ್ನೆ. ಅಷ್ಟರಲ್ಲೂ ಸೊನ್ನೆ, ಮೈನಸ್, ಭಿನ್ನರಾಶಿ ಹಾಕಿ ನೋಡದೆ ನಾನು ಮುಂದೆ ಹೋಗುವುದಿಲ್ಲ. ಪ್ರಾಬೆಬಿಲಿಟಿ ಯಾರಾದರೂ ಜೊತೆಗೆ ಕೂತು ಬಿಡಿಸುತ್ತೀರಾ?