ಏಳು ಮಾತ್ರೆಯ ಮಧ್ಯಾಹ್ನ

ಗದಗಿಗೆ ಹೋದವರು ಸಾಮಾನ್ಯವಾಗಿ ತ್ರಿಕೂಟೇಶ್ವರನ ಗುಡಿಯನ್ನೂ, ಅಲ್ಲಿಯ ಸರಸ್ವತಿ ಗುಡಿಯ ಕಂಬಗಳ ಕುಸುರಿಯನ್ನೂ ಹೊಗಳಿ ಬರೆಯುತ್ತಾರೆ. ನಾನೂ ಅವನ್ನು ನೋಡಿ ಮೆಚ್ಚಿದೆ. ಆದರೆ ಆ ಪ್ರವಾಸದಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಬೆಟಗೇರಿಯ ಒಂದು ಮನೆಯ ಪಡಸಾಲೆಯಲ್ಲಿ ಮಧ್ಯಾಹ್ನದಿಂದ ದೀಪ ಹಚ್ಚುವವರೆಗೆ ನಡೆದ ಕಾವ್ಯವಾಚನ ಮತ್ತು ಅದರ ನಡುವೆ ಹುಟ್ಟಿಕೊಂಡ ಒಂದು ವಾದ.

ಹುಬ್ಬಳ್ಳಿಯಿಂದ ಹೋಗುವವರು ದಯವಿಟ್ಟು ರೈಲನ್ನೇ ಹಿಡಿಯಿರಿ. ‘ಎಲ್ಲೂ ನಿಲ್ಲಂಗಿಲ್ರಿ’ ಎಂದು ನನ್ನನ್ನು ಕೂಡಿಸಿಕೊಂಡ ಟೆಂಪೊ ಕೈಮಾಡಿದವರನ್ನೆಲ್ಲ ಹತ್ತಿಸಿಕೊಳ್ಳುತ್ತ, ಪಂಪನ ತಾಯಿಯ ಕಡೆಯ ಊರಾದ ಅಣ್ಣಿಗೇರಿಯಲ್ಲಿ ಚಹಾಕ್ಕೆಂದು ಅರ್ಧ ತಾಸು ನಿಂತು, ಬೆಳಗಿನ ಹೊತ್ತನ್ನೆಲ್ಲ ತಿಂದುಹಾಕಿತು.

ವೀರನಾರಾಯಣನ ಗುಡಿಯಲ್ಲಿ, ಕುಮಾರವ್ಯಾಸನು ಒರಗಿ ಕುಳಿತು ಭಾರತವನ್ನು ಬರೆದನೆಂದು ಜನ ನಂಬುವ ಕಂಬದ ಬಳಿ, ನಿವೃತ್ತ ಶಾಲಾ ಮಾಸ್ತರರೊಬ್ಬರು ತಮ್ಮಷ್ಟಕ್ಕೆ ಗಮಕ ವಾಚನ, ಅಂದರೆ ಕಾವ್ಯವನ್ನು ರಾಗವಾಗಿ ಓದುವುದು, ಮಾಡುತ್ತಿದ್ದರು. ನಾನು ಕದಲದೆ ಕುಳಿತದ್ದನ್ನು ಕಂಡು, ಮಧ್ಯಾಹ್ನ ತಾವು ಓದಲಿರುವ ಮನೆಗೆ ಕರೆದೊಯ್ದರು. ಮನೆಯವರು ವೀರೇಶ್ವರ ಪುಣ್ಯಾಶ್ರಮದಲ್ಲಿ ಕಲಿತ, ಕಣ್ಣು ಕಾಣದ ತಬಲಾ ವಾದಕರು. ಹುಟ್ಟಿನಿಂದಲೇ ಅಂಧರಾಗಿದ್ದ ಪಂಚಾಕ್ಷರಿ ಗವಾಯಿಗಳೂ ಅವರ ತರುವಾಯ ಪುಟ್ಟರಾಜ ಗವಾಯಿಗಳೂ ನಾಟಕ ಕಂಪನಿ ಕಟ್ಟಿ, ಊರೂರು ತಿರುಗಿ, ಅಂಧ ಮಕ್ಕಳಿಗೆ ಅನ್ನವನ್ನೂ ಸ್ವರವನ್ನೂ ಕೊಟ್ಟ ಆಶ್ರಮವದು. ಜೋಳದ ರೊಟ್ಟಿ, ಎಣ್ಣೆಗಾಯಿ ಮುಗಿದ ಮೇಲೆ ಅವರು ತಬಲಾದ ಬದಿಯ ಮರದ ಗಟ್ಟಾಗಳನ್ನು ಬೆರಳಿನಿಂದಲೇ ಹುಡುಕಿ, ಸಣ್ಣ ಸುತ್ತಿಗೆಯಿಂದ ತಟ್ಟಿ ಶ್ರುತಿ ಮಾಡಿಕೊಂಡರು.

ಮಾಸ್ತರರು ವಿರಾಟಪರ್ವದ ಉತ್ತರಕುಮಾರನ ಪ್ರಸಂಗವನ್ನು ಎತ್ತಿಕೊಂಡರು. ಗಮಕಕ್ಕೆ ತಾಳವಿಲ್ಲ, ರಾಗ ಅರ್ಥವನ್ನು ಅನುಸರಿಸಿ ನಡೆಯುತ್ತದೆ. ಆದರೆ ಎರಡು ಪದ್ಯ ಮುಗಿಯುವಷ್ಟರಲ್ಲಿ ತಬಲಾದಿಂದ ಮೆಲ್ಲಗೆ ಏಳು ಮಾತ್ರೆಯ ರೂಪಕ ತಾಳದ ಠೇಕಾ, ಅಂದರೆ ಅದರ ಮೂಲ ನುಡಿತ, ಕೇಳಿಬಂತು: ತೀ ತೀ ನಾ, ಧೀ ನಾ, ಧೀ ನಾ.

“ತಾಳಕ್ಕ ಕಟ್ಟಿದ್ರ ಅರ್ಥ ಹಾರಿಹೋಗತೈತಿ, ತಮ್ಮಾ. ಮಾತು ಎಲ್ಲಿ ಮುಗೀತೈತೋ ಅಲ್ಲಿ ನಾ ನಿಲ್ಲಬೇಕು. ನಿನ್ನ ಸಮ್, ತಾಳದ ಮೊದಲ ಪೆಟ್ಟು, ಬರೂತನಕ ಕಾಯಾಕ ಆಗಂಗಿಲ್ಲ.”

“ಕವಿನೇ ಮೂರು-ನಾಕು, ಮೂರು-ನಾಕು ಅಂತ ಮಾಡಿಟ್ಟಾನ್ರೀ ಅಜ್ಜಾರ. ಏಳು ಮಾತ್ರಿ ನಾ ತಂದದ್ದಲ್ಲ.”

ಕುಮಾರವ್ಯಾಸನ ಛಂದಸ್ಸಾದ ಭಾಮಿನಿ ಷಟ್ಪದಿಯ ಗಣವಿಭಾಗವನ್ನು ಶಾಲೆಯಲ್ಲಿ ಉರು ಹೊಡೆದಿದ್ದರೂ ಅದನ್ನು ಕಿವಿಯಿಂದ ಕಂಡದ್ದು ಅಂದೇ. ಮೊದಲ ಎರಡು ಸಾಲುಗಳಲ್ಲಿ ತಲಾ 14 ಮಾತ್ರೆ, ಕೂಡಿದರೆ ರೂಪಕದ ನಾಲ್ಕು ಆವರ್ತ, ಅಂದರೆ ನಾಲ್ಕು ಪೂರ್ಣ ಸುತ್ತು. ಮೂರನೆಯ ಸಾಲಿನಲ್ಲಿ 23. ಕೊನೆಯ ಗುರು ಅಕ್ಷರದ ಮೇಲೆ ಐದು ಮಾತ್ರೆ ಹೆಚ್ಚಿಗೆ ನಿಂತರೆ ಅದೂ 28 ಆಗಿ ಮತ್ತೆ ನಾಲ್ಕು ಆವರ್ತ ತುಂಬುತ್ತದೆ. ತಬಲಾದವರು ಇದನ್ನು ತೊಡೆಯ ಮೇಲೆ ತಟ್ಟಿ ತೋರಿಸಿದರು. ಮಾಸ್ತರರು ಒಪ್ಪಲಿಲ್ಲ. ಕುಮಾರವ್ಯಾಸನ ವಾಕ್ಯವು ಸಾಲಿನ ತುದಿಯನ್ನು ದಾಟಿ ಮುಂದಿನ ಸಾಲಿನ ನಡುವೆಲ್ಲೋ ನಿಲ್ಲುವ ಪದ್ಯಗಳನ್ನೇ ಆರಿಸಿ, ಒಮ್ಮೆ ತಾಳದಲ್ಲಿ, ಒಮ್ಮೆ ಬಿಡಿಯಾಗಿ ಓದಿ ತೋರಿಸಿದರು.

ನನ್ನ ಒಲವು ಮಾಸ್ತರರ ಕಡೆಗೇ. ಪದ್ಯಕ್ಕೆ ವಾದ್ಯಮೇಳ ತುಂಬಿಸಿ ಒಂದು ಅಕ್ಷರವೂ ಕೇಳಿಸದಂತೆ ಮಾಡುವ ಇಂದಿನ ವೇದಿಕೆಗಳು ನನಗೆ ಒಗ್ಗುವುದಿಲ್ಲ. ಆದರೂ ಸ್ತುತಿಪದ್ಯಗಳನ್ನು ರೂಪಕದಲ್ಲಿ ಕೇಳಿದಾಗ, ಆ ಕೊನೆಯ ಗುರುವು ಸಮ್ಮಿನವರೆಗೆ ಎಳೆದುಕೊಂಡು ಹೋಗುವ ಸುಖಕ್ಕೆ ನಾನು ಸೋತೆನೆಂಬುದೂ ನಿಜ. ಸಂಜೆಗೆ ನೋಡಬೇಕೆಂದುಕೊಂಡಿದ್ದ ಲಕ್ಕುಂಡಿ ಹಾಗೆಯೇ ಉಳಿಯಿತು. ಯಾರೂ ಗಡಿಯಾರ ನೋಡಲಿಲ್ಲ.

ಕೊನೆಗೆ ಕೌರವಸೇನೆಯನ್ನು ಕಂಡು ಬೆದರಿದ ಉತ್ತರನು ರಥದಿಂದ ಧುಮುಕಿ ಓಡತೊಡಗಿದಾಗ ತಬಲಾದವರಿಗೆ ತಡೆಯಲಾಗದೆ ಲಯವನ್ನು ವೇಗದ ದ್ರುತಕ್ಕೇರಿಸಿದರು. ಮಾಸ್ತರರು ಓದನ್ನು ನಿಲ್ಲಿಸಿ, ಕನ್ನಡಕವನ್ನು ಹಣೆಗೇರಿಸಿ, “ಅಂವಾ ಓಡ್ಲಿ, ನೀ ಯಾಕ ಓಡತೀಯೋ?” ಎಂದರು.