ಹುಣಸೆಹಣ್ಣಿನಲ್ಲಿ ತೊಳೆದ ಆನೆ

ಚಿಕ್ಕಪೇಟೆ ಕಡೆಯ ಸಂಡೇ ಬಜಾರಿಗೆ ನಾನು ಹೋಗಿದ್ದು ಮಿಕ್ಸಿ ಜಾರಿನ ಮುಚ್ಚಳ ಹುಡುಕಿಕೊಂಡು. ಕೊಂಡಿದ್ದು ನಾಣ್ಯ. ಗೋಣಿಚೀಲದ ಮೇಲೆ ರಾಶಿ ಹಾಕಿಕೊಂಡು ಕೂತಿದ್ದವನು ಒಂದನ್ನು ಎತ್ತಿ ಕೈಗಿಟ್ಟ. ಒಂದು ಕಡೆ ರಾಮ, ಸೀತೆ, ಹನುಮಂತ. ಇನ್ನೊಂದು ಕಡೆ ಈಸ್ಟ್ ಇಂಡಿಯಾ ಕಂಪನಿ, ಅರ್ಧ ಆಣೆ, 1818. "ಇನ್ನೂರು ವರ್ಷದ್ದು ಸಾರ್, ಮನೇಲಿದ್ರೆ ಲಕ್ಷ್ಮಿ ಬರ್ತಾಳೆ" ಅಂದ. ಎರಡೂವರೆ ಸಾವಿರ ಹೇಳಿದ್ದನ್ನು ಚೌಕಾಸಿ ಮಾಡಿ 1,200ಕ್ಕೆ ಇಳಿಸಿದೆ. ಗೆದ್ದೆ ಅಂದುಕೊಂಡೆ. ಅವನೂ ಖುಷಿಯಲ್ಲಿದ್ದ. ಕೊಸರಿಗೆ ಅಂತ ಕಪ್ಪಗಾದ ತಾಮ್ರದ ಬಿಲ್ಲೆಯೊಂದನ್ನು ಸೇರಿಸಿ ಕೊಟ್ಟ.

ಮನೆಗೆ ಬಂದವನೇ ಆ ಬಿಲ್ಲೆಯನ್ನು ಹುಣಸೆಹಣ್ಣು, ಉಪ್ಪು ಹಾಕಿ ತಿಕ್ಕಿದೆ, ದೇವರ ತಂಬಿಗೆ ತಿಕ್ಕುವ ಹಾಗೆ. ಕಪ್ಪೆಲ್ಲ ಹೋಗಿ ಆನೆಯೊಂದು ಎದ್ದು ಬಂತು. ತಿರುಗಿಸಿದರೆ ಕನ್ನಡ ಅಕ್ಷರ! 'ಮಯಿಲಿ ಕಾಸು' ಅಂತ ಕೂಡಿಸಿ ಓದೋಕೆ ಹತ್ತು ನಿಮಿಷ ಬೇಕಾಯ್ತು.

ಮುಂದಿನ ವಾರ ಎರಡನ್ನೂ ಹಳೇ ನಾಣ್ಯದ ಅಂಗಡಿಗೆ ಒಯ್ದೆ. ಯಜಮಾನರು ರಾಮನ ನಾಣ್ಯದ ಅಂಚನ್ನು ಭೂತಗನ್ನಡಿಯಲ್ಲಿ ತೋರಿಸಿದರು. ಸುತ್ತಲೂ ಸಣ್ಣ ಗೆರೆ, ಎರಡು ಅಚ್ಚು ಕೂಡಿದ ಜಾಗ. ಮೈಮೇಲೆ ಸೂಜಿಮೊನೆಯಷ್ಟು ಗುಳಿಗಳು. "ಇದು ಎರಕ ಹೊಯ್ದಿದ್ದು, ಅಸಲಿ ನಾಣ್ಯದ ಹಾಗೆ ಒತ್ತಿ ಹೊಡೆದಿದ್ದಲ್ಲ. ಕಂಪನಿಯವರು ರಾಮನ ನಾಣ್ಯ ಯಾವತ್ತೂ ಹೊಡೆಸಿಲ್ಲ. 1616, 1717 ಅಂತ ಇಸವಿ ಹಾಕಿದ ನಕಲಿಗಳೂ ಬರ್ತವೆ" ಅಂದರು. ಕಂಪನಿಯ ಅಸಲಿ ಅರ್ಧ ಆಣೆಯನ್ನೂ ತೋರಿಸಿದರು. 1835ರದ್ದು. ಎರಡು ಸಿಂಹ ಹಿಡಿದ ಲಾಂಛನ, ದೇವರ ಸುಳಿವೇ ಇಲ್ಲ.

ಆಮೇಲೆ ಬಿಲ್ಲೆ ನೋಡಿದರು. ಮುಖ ಅರಳಿತು, ಆ ಕ್ಷಣಕ್ಕೇ ಬಾಡಿತು. "ಇದು ಮೈಸೂರಿನ ತಾಮ್ರದ ನಾಣ್ಯ, ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದ್ದು. ಯಾಕ್ರೀ ತೊಳೆದ್ರಿ?"

ತಾಮ್ರದ ಮೇಲಿನ ಆ ಕಪ್ಪು ಕೊಳೆಯಲ್ಲವಂತೆ. ನೂರಕ್ಕೂ ಹೆಚ್ಚು ವರ್ಷ ನಿಧಾನಕ್ಕೆ ಕೂತ ಪದರ. ಕೊಳ್ಳುವವರು ನೋಡೋದೇ ಅದನ್ನು. "ಹಾಗೇ ಬಿಟ್ಟಿದ್ರೆ ನಾನೇ ತಗೋತಿದ್ದೆ" ಅಂದರು. ನನ್ನ ಆನೆ ಮಾತ್ರ ಹೊಸ ತಾಮ್ರದ ಪೈಪಿನ ಹಾಗೆ ಥಳಥಳ ಹೊಳೆಯುತ್ತಿತ್ತು. 1,200 ಹೋಗಿದ್ದಕ್ಕಿಂತ ಇದೇ ಜಾಸ್ತಿ ಉರಿಯಿತು. ಅಲ್ಲಿ ಅವನು ಟೋಪಿ ಹಾಕಿದ್ದ, ಇದು ನನ್ನ ಕೈಯಾರೆ ಮಾಡಿದ್ದು.

ರಾಮನ ನಾಣ್ಯ ಅಮ್ಮನ ದೇವರ ಮನೆ ಸೇರಿದೆ. ವಿಷಯ ಹೇಳಿಲ್ಲ. ಆನೆ ಬೀರುವಿನಲ್ಲಿದೆ. ಆಗಾಗ ತೆಗೆದು ನೋಡ್ತೀನಿ, ಕಪ್ಪಾಗ್ತಿದೆಯಾ ಅಂತ. ಕಿವಿಯ ಹತ್ತಿರ ಸ್ವಲ್ಪ ಬಣ್ಣ ತಿರುಗಿದ ಹಾಗಿದೆ.