ಬ್ಯಾಡ್ಜ್ ಕಾಲಂ ಖಾಲಿ ಬಿಡಬೇಡಿ

ಯುದ್ಧಕಾಲದ ಹಳೆಯ ಫೋಟೋಗಳನ್ನು ನೋಡಿ, ಇದು ಯಾವ ಪಡೆ, ಎಲ್ಲಿಯದು ಅಂತ ವಿವರ ಬರೆಯುವುದು ನನ್ನ ಕೆಲಸ. ಕೂರುವುದು ಬೆಂಗಳೂರಿನಲ್ಲಿ, ದಿನವಿಡೀ ನೋಡುವುದು ಸ್ಕಾಟ್ಲೆಂಡಿನ ಕಾಡು. ಹೊಸಬರು ಬಂದರೆ ನಾನು ಮೊದಲು ಕೊಡುವುದು ಮರ ಕಡಿಯುವ ಪಡೆಗಳ ಫೋಟೋಗಳನ್ನೇ. ಬ್ಯಾಡ್ಜ್ ನೋಡಿದರೆ ಸಾಕು, ಪಡೆ ಗೊತ್ತಾಗುತ್ತೆ ಅನ್ನುವ ಧೈರ್ಯ ಇಲ್ಲಿ ಬೇಗ ಇಳಿಯುತ್ತದೆ.

ಯುದ್ಧಕ್ಕೂ ಮರಕ್ಕೂ ಏನು ಸಂಬಂಧ ಅಂತೀರಾ? ಕಂದಕಕ್ಕೆ ಹಲಗೆ ಬೇಕು, ರೈಲು ಹಳಿಗೆ ಸ್ಲೀಪರ್ ಬೇಕು, ಕಲ್ಲಿದ್ದಲು ಗಣಿ ಕುಸಿಯದಂತೆ ಆಸರೆ ಕಂಬ ಬೇಕು. ಬ್ರಿಟನ್ ಇದರಲ್ಲಿ ಬಹುಪಾಲನ್ನು ಹಡಗಿನಲ್ಲಿ ತರಿಸುತ್ತಿತ್ತು. ಜರ್ಮನ್ ಸಬ್‌ಮರೀನ್‌ಗಳ ಕಾಟ ಜಾಸ್ತಿಯಾದಾಗ, ಮರ ತರಿಸುವ ಬದಲು ಮರ ಕಡಿಯುವವರನ್ನೇ ಕರೆಸಿಕೊಂಡಿತು. 1916ರಲ್ಲಿ ಕೆನಡಿಯನ್ ಫಾರೆಸ್ಟ್ರಿ ಕೋರ್ ಹುಟ್ಟಿದ್ದು ಹಾಗೆ. 1940ರಲ್ಲಿ ಅದನ್ನು ಮತ್ತೆ ಕಟ್ಟಿದರು.

ಆ ಕೋರ್‌ನ ಟೋಪಿ ಬ್ಯಾಡ್ಜಿನಲ್ಲಿ ಎರಡು ಕೊಡಲಿಗಳು ಅಡ್ಡಡ್ಡ ಇವೆ. ಸುಲಭ ಅಲ್ವಾ? ಅಲ್ಲ. ಬ್ರಿಟಿಷ್ ಕಾಲಾಳು ಪಡೆಯಲ್ಲಿ ದಾರಿ ಬಿಡಿಸುವ, ಮರಗೆಲಸ ಮಾಡುವ ಪಯೋನಿಯರ್ ಸೈನಿಕರ ತೋಳಿನ ಮೇಲೂ ಅಡ್ಡ ಕೊಡಲಿ ಇರುತ್ತದೆ. ಅದಕ್ಕೇ ಕೊಡಲಿ ಟೋಪಿಯ ಮೇಲಿದೆಯೋ ತೋಳಿನ ಮೇಲೋ ಅಂತ ನೋಡಿಯೇ ಮುಂದೆ ಹೋಗಬೇಕು. ಮೊದಲ ಮಹಾಯುದ್ಧದಲ್ಲಿ ಫ್ರಾನ್ಸಿನ ಕಾಡಿಗಿಳಿದ ಅಮೆರಿಕದ 20ನೇ ಎಂಜಿನಿಯರ್ಸ್‌ನವರದ್ದು ಇನ್ನೊಂದು ಕಥೆ. ಅವರೂ ಮರ ಕಡಿಯುವವರೇ, ಆದರೆ ಎಂಜಿನಿಯರ್ ಪಡೆಯ ಚಿಹ್ನೆ ಕೋಟೆ.

ಬ್ರಿಟನ್ನಿನ ವುಮೆನ್ಸ್ ಟಿಂಬರ್ ಕೋರ್ ಮಾತ್ರ ನಮಗೆ ಕಷ್ಟ ಕೊಡುವುದಿಲ್ಲ. 1942ರಲ್ಲಿ ಶುರುವಾದ ಪಡೆ ಅದು. ಹಸಿರು ಬೆರೆ ಟೋಪಿ, ಬ್ಯಾಡ್ಜಿನಲ್ಲಿ ಫರ್ ಮರ. ಹೊಲದಲ್ಲಿ ದುಡಿದ ಲ್ಯಾಂಡ್ ಆರ್ಮಿಯವರ ಬ್ಯಾಡ್ಜಿನಲ್ಲಿ ಗೋಧಿಯ ಸಿವುಡು. ಆ ಮರ ಕಡಿದ ಹೆಣ್ಣುಮಕ್ಕಳಿಗೆ ಸರ್ಕಾರ ನೆನಪಿನ ಬ್ಯಾಡ್ಜ್ ಕೊಟ್ಟಿದ್ದು 2008ರಲ್ಲಿ. ಅಷ್ಟು ಹೊತ್ತಿಗೆ ಎಷ್ಟು ಜನ ಉಳಿದಿದ್ದರು ಹೇಳಿ!

ನಿಜವಾದ ಪರೀಕ್ಷೆ ನ್ಯೂಫೌಂಡ್‌ಲೆಂಡಿನವರ ಫೋಟೋ. ಆಗ ಅದು ಕೆನಡಾಕ್ಕೆ ಸೇರಿರಲಿಲ್ಲ. ಮರ ಕಡಿಯಲು 1939ರ ಕೊನೆಯಿಂದಲೇ ಬ್ರಿಟನ್ನಿಗೆ ಬರಲು ಶುರುಮಾಡಿದ ಈ ಸಾವಿರಾರು ಜನ ಸೈನಿಕರಲ್ಲ, ಗುತ್ತಿಗೆ ಮೇಲೆ ಬಂದ ನಾಗರಿಕರು. ಸೇನೆಯ ಯೂನಿಫಾರ್ಮ್ ಇಲ್ಲ. ಫೋಟೋದಲ್ಲಿ ಕಾಣುವುದು ಸುಮ್ನೆ ದಪ್ಪ ಅಂಗಿ, ಬೂಟು, ಗರಗಸ. ಹೊಸಬರು ಬ್ಯಾಡ್ಜ್ ಕಾಲಂ ಖಾಲಿ ಬಿಟ್ಟು ಮುಂದಿನದಕ್ಕೆ ಹೋಗುತ್ತಾರೆ. ಆಮೇಲೆ ಹುಡುಕುವವನಿಗೆ ಅದು ಫೋಟೋ ಮಸುಕಾಗಿದ್ದಕ್ಕೆ ಖಾಲಿಯೋ, ಬ್ಯಾಡ್ಜೇ ಕೊಟ್ಟಿರಲಿಲ್ಲವೋ ಗೊತ್ತಾಗುವುದು ಹೇಗೆ?

ಈಗ ನಮ್ಮ ಫಾರ್ಮಿನಲ್ಲಿ ಮೂರು ಆಯ್ಕೆ ಇವೆ: ಇದೆ, ಕಾಣುತ್ತಿಲ್ಲ, ಕೊಟ್ಟಿರಲಿಲ್ಲ. ಮೂರನೆಯದನ್ನು ಒತ್ತಿದವರು ಕಾರಣವನ್ನೂ ಬರೆಯಬೇಕು. ಇಸವಿ ಕಡ್ಡಾಯ. ಯಾಕೆಂದರೆ ಇದೇ ನ್ಯೂಫೌಂಡ್‌ಲೆಂಡಿನವರು 1942ರಲ್ಲಿ ಸ್ಕಾಟ್ಲೆಂಡಿನಲ್ಲಿ ಹೋಮ್ ಗಾರ್ಡ್, ಅಂದರೆ ಊರು ಕಾಯುವ ಸ್ವಯಂಸೇವಕ ಪಡೆಯಲ್ಲಿ, ತಮ್ಮದೇ ಬೆಟಾಲಿಯನ್ ಕಟ್ಟಿಕೊಂಡರು. ಆಮೇಲಿನ ಫೋಟೋಗಳಲ್ಲಿ ಅದೇ ಮರ ಕಡಿಯುವವರು ಯೂನಿಫಾರ್ಮ್ ತೊಟ್ಟು ಸಾಲಾಗಿ ನಿಂತಿರಬಹುದು.